ಅಮೆರಿಕದಲ್ಲಿ ಇಷ್ಟು ದುಡ್ಡು ಸುರಿದ್ರೂ ಹಾರ್ಟು, ಶುಗರ್ರು ಅಂತ ಬೇಗ ಸಾಯೋರು ಯಾಕೆ ಜಾಸ್ತಿ? ಬೇರೆ ದೇಶದಲ್ಲಿರೋರು ದಯವಿಟ್ಟು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷ ಆಯ್ತು. ಈ ಪ್ರಶ್ನೆ ಜನವರಿಯಿಂದ ತಲೇಲಿ ಕೊರೀತಾ ಇದೆ.

ನಮ್ಮನೆಯವ್ರಿಗೆ ಹಾರ್ಟ್ ಬೀಟ್ ಏರುಪೇರಾಗೋ ತೊಂದ್ರೆ ಇದೆ, ಅದಕ್ಕೆ ರಕ್ತ ತೆಳು ಮಾಡೋ ಮಾತ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು, ಬಿಟ್ರೆ ಸ್ಟ್ರೋಕ್ ಆಗಬಹುದು ಅಂತ ಡಾಕ್ಟರ್ ಮೊದಲ ದಿನವೇ ಹೇಳಿದಾರೆ. ಡಿಸೆಂಬರ್‌ನಲ್ಲಿ 40 ಡಾಲರ್‌ಗೆ ಸಿಕ್ಕಿದ ಮಾತ್ರೆಗೆ ಜನವರಿ ಮೊದಲ ವಾರ ಐನೂರು ಚಿಲ್ಲರೆ ಕೇಳಿದ್ರು. ಯಾಕೆ ಅಂದ್ರೆ ಹೊಸ ವರ್ಷ, ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ ಶುರು, ಅಂದ್ರೆ ಇಷ್ಟು ಸಾವಿರ ನಾವು ಕೈಯಿಂದ ಹಾಕೋ ತನಕ ಇನ್ಶೂರೆನ್ಸಿನವರು ಕೊಡಲ್ಲ. ನಮ್ಮ ಹತ್ರ ಇತ್ತು, ಕೊಟ್ವಿ. ಆದ್ರೆ ನಮಗಿಂತ ಮುಂದೆ ಕ್ಯೂನಲ್ಲಿ ಒಬ್ರು ಹೆಂಗಸು ನಿಂತಿದ್ರು, ಐವತ್ತೈದು ಅರವತ್ತು ವಯಸ್ಸಿರಬಹುದು. ಅವರ ಮುಂದೆ ಬಿಳಿ ಕಾಗದದ ಮೂರು ಪೊಟ್ಟಣ. ಬಿಲ್ ನೋಡಿ ಸ್ವಲ್ಪ ಹೊತ್ತು ಸುಮ್ನೆ ನಿಂತ್ರು, ಆಮೇಲೆ ಕೌಂಟರ್ ಹುಡುಗಿ ಹತ್ರ ಕೇಳಿದ್ರು, ಈ ಮೂರರಲ್ಲಿ ಬಿಡಲೇಬಾರದ್ದು ಯಾವುದಮ್ಮ ಅಂತ. ಆ ಹುಡುಗಿಗೆ ಏನು ಹೇಳಬೇಕು ಅಂತ ಗೊತ್ತಾಗ್ಲಿಲ್ಲ, ಒಳಗಿಂದ ಫಾರ್ಮಸಿಸ್ಟ್‌ನ ಕರೆದಳು. ಕೊನೆಗೆ ಒಂದು ಪೊಟ್ಟಣ ತಗೊಂಡ್ರು, ಎರಡನ್ನ ಕೈಯಲ್ಲೇ ತಳ್ಳಿ ವಾಪಸ್ ಕೊಟ್ರು.

ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಕೂತು ಅಂಕಿಅಂಶ ನೋಡಿದೆ. 2023ರಲ್ಲಿ ಈ ದೇಶ ಆರೋಗ್ಯಕ್ಕೆ ಖರ್ಚು ಮಾಡಿದ್ದು ತಲೆಗೆ 14,570 ಡಾಲರ್, ಇಡೀ ದೇಶದ ಆದಾಯದಲ್ಲಿ 17.6 ಪರ್ಸೆಂಟ್. ಜಪಾನ್, ಬ್ರಿಟನ್, ಜರ್ಮನಿ ಎಲ್ಲಾ 11, 12ರ ಆಸುಪಾಸಿನಲ್ಲಿವೆ. ಆದ್ರೆ ಸರಾಸರಿ ಆಯಸ್ಸು ಇಲ್ಲಿ 78.4, ಜಪಾನ್‌ನಲ್ಲಿ 84. ಇದು ಹೇಗೆ ಸಾಧ್ಯ? ಬೇರೆ ದೇಶದಲ್ಲಿ ಬಿಪಿ ಶುಗರ್ ಇರೋರಿಗೆ ಏನು ಮಾಡ್ತಾರೆ? ಅಲ್ಲಿರೋರು ಕಣ್ಣಾರೆ ಕಂಡಿದ್ದನ್ನ ಬರೀರಿ, ಓದ್ತೀನಿ.

ಟೆಕ್ಸಾಸ್ ಗೌಡ್ರು

ಮೇಡಂ, ಆ ಹೆಂಗಸಿನ ವಿಷಯ ಓದಿ ಹೊಟ್ಟೆ ಚುರ್ ಅಂತು. ಆದ್ರೆ ಆಯಸ್ಸಿನ ಅಂಕಿ ಇಟ್ಕೊಂಡು ಆಸ್ಪತ್ರೆ ವ್ಯವಸ್ಥೆನ ಅಳೀಬೇಡಿ. ಇಲ್ಲಿ 2021ರಿಂದ ಮೂರು ವರ್ಷ, ವರ್ಷಕ್ಕೆ ಲಕ್ಷದ ಮೇಲೆ ಜನ ಡ್ರಗ್ ಓವರ್‌ಡೋಸಿಂದಲೇ ಸತ್ತಿದಾರೆ, ಅದರ ಮೇಲೆ ಗನ್ನು, ಕಾರ್ ಆಕ್ಸಿಡೆಂಟು. ಸಾಯೋರು ಚಿಕ್ಕ ವಯಸ್ಸಿನವರು, ಹಾಗಾಗಿ ಸರಾಸರಿ ಧಡಕ್ ಅಂತ ಕೆಳಗೆ ಬರುತ್ತೆ. ಡಾಕ್ಟರ್ ಏನು ಮಾಡಕ್ಕಾಗುತ್ತೆ? ಬ್ರೆಸ್ಟ್ ಕ್ಯಾನ್ಸರ್ ಬಂದೋರಲ್ಲಿ ಐದು ವರ್ಷ ಬದುಕೋರು ಇಲ್ಲಿ 90 ಪರ್ಸೆಂಟ್ ಹತ್ರ, ಪ್ರಪಂಚದಲ್ಲೇ ಮುಂದೆ. ಬಿಪಿ ಕಂಟ್ರೋಲ್ ವಿಷಯದಲ್ಲೂ ಅಷ್ಟೆ, 12 ಶ್ರೀಮಂತ ದೇಶಗಳನ್ನ ಹೋಲಿಸಿ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ, ಕೆನಡಾ, ದಕ್ಷಿಣ ಕೊರಿಯಾ, ಜರ್ಮನಿ ಜೊತೆ ಅಮೆರಿಕನೂ ಮೇಲಿನ ಸಾಲಲ್ಲೇ ಇದೆ. ನಮ್ಮಪ್ಪ ವಿಸಿಟರ್ ಆಗಿ ಬಂದಾಗ ಎದೆನೋವು ಬಂತು, ನಲವತ್ತು ನಿಮಿಷದಲ್ಲಿ ಸ್ಟೆಂಟ್ ಹಾಕಿದ್ರು, ಇವತ್ತಿಗೂ ಊರಲ್ಲಿ ತೋಟ ಸುತ್ತುತಾರೆ. ಆ ಋಣ ನಾನು ಮರೆಯಲ್ಲ.

ಲೆಕ್ಕದ ಮೇಷ್ಟ್ರು

ಗೌಡ್ರೆ, ನಿಮ್ಮ ಮಾತಲ್ಲಿ ಸತ್ಯ ಇದೆ, ಆಯಸ್ಸಿನ ಸರಾಸರಿಯಲ್ಲಿ ನಾನಾ ತರದ ಸಾವು ಕಲೆತಿರುತ್ತೆ. ಅದಕ್ಕೇ ಈ ಕೆಲಸದಲ್ಲಿರೋರು ಬೇರೆ ಅಳತೆ ಇಟ್ಕೊಂಡಿದಾರೆ. (ನಾನು ಮೆಲ್ಬರ್ನ್‌ನಲ್ಲಿ ಬಯೋಸ್ಟಾಟಿಸ್ಟಿಕ್ಸ್, ಅಂದ್ರೆ ಆರೋಗ್ಯದ ಅಂಕಿಅಂಶದ ಲೆಕ್ಕ, ಕಲಿಸ್ತೀನಿ, ಮೂಲ ಹಾಸನ.)

ಮೊದಲನೇದು, ಮೂವತ್ತು ತುಂಬಿದ ಮನುಷ್ಯ ಎಪ್ಪತ್ತು ತುಂಬೋದ್ರೊಳಗೆ ನಾಲ್ಕು ಕಾಯಿಲೆಯಿಂದ ಸಾಯೋ ಸಾಧ್ಯತೆ ಎಷ್ಟು ಅನ್ನೋದು. ಹೃದಯ ಮತ್ತು ರಕ್ತನಾಳ, ಕ್ಯಾನ್ಸರ್, ಡಯಾಬಿಟೀಸ್, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಗನ್ನು, ಡ್ರಗ್ಸು, ಕಾರು ಯಾವುದೂ ಇದರಲ್ಲಿ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ನೂರಕ್ಕೆ ದಕ್ಷಿಣ ಕೊರಿಯಾ ಸುಮಾರು 7, ಜಪಾನ್ 8, ಆಸ್ಟ್ರೇಲಿಯ 8ರಿಂದ 9, ಬ್ರಿಟನ್ 10, ಜರ್ಮನಿ 12, ಅಮೆರಿಕ 13ರಿಂದ 14. ಭಾರತ ಸುಮಾರು 22. ಸ್ವಲ್ಪ ನಿಧಾನವಾಗಿ ಓದಿ ಇದನ್ನ. ಜಪಾನ್‌ನಲ್ಲಿ ನೂರು ಜನ ಮೂವತ್ತರ ಹರೆಯದವರನ್ನ ತಗೊಂಡ್ರೆ ಎಂಟು ಮನೆಯಲ್ಲಿ ಎಪ್ಪತ್ತಕ್ಕೆ ಮೊದಲು ಅಳು, ಅಮೆರಿಕದಲ್ಲಿ ಹದಿಮೂರು ಹದಿನಾಲ್ಕು ಮನೆಯಲ್ಲಿ.

ಎರಡನೇದು, ತಡೀಬಹುದಾಗಿದ್ದ ಸಾವು. ಎಪ್ಪತ್ತೈದರೊಳಗೆ, ಸರಿಯಾದ ಟೈಮಿಗೆ ಸರಿಯಾದ ಚಿಕಿತ್ಸೆ ಸಿಕ್ಕಿದ್ರೆ ಆಗಬಾರದಿತ್ತು ಅನ್ನೋವನ್ನ ಮಾತ್ರ ಎಣಿಸೋದು. ಎಲೆನ್ ನೋಲ್ಟೆ, ಮಾರ್ಟಿನ್ ಮೆಕೀ ಅನ್ನೋ ಸಂಶೋಧಕರು ಇಬ್ರೂ ಸೇರಿ 2008ರಲ್ಲಿ 19 ದೇಶಗಳ ಲೆಕ್ಕ ಹಾಕಿದ್ರು, ಫ್ರಾನ್ಸ್ ಮೊದಲು, ಅಮೆರಿಕ ಹತ್ತೊಂಬತ್ತನೇದು. ಮೇಲಿನ ಮೂರು ದೇಶದ ಮಟ್ಟಕ್ಕೆ ಬಂದಿದ್ರೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಸಾವು ಕಮ್ಮಿ ಆಗ್ತಿತ್ತು ಅಂದ್ರು.

ಬಿಪಿ ವಿಷಯ. ಗೌಡ್ರು ಹೇಳಿದ ಅಧ್ಯಯನ ಸರಿಯಾಗೇ ಇದೆ. ಆದ್ರೆ ಅದರ ನಂತರದ ಕತೆ ಬೇಸರದ್ದು. ಅಮೆರಿಕದಲ್ಲಿ ಬಿಪಿ ಇರೋರಲ್ಲಿ ಕಂಟ್ರೋಲ್‌ನಲ್ಲಿದ್ದೋರು 2013-14ರಲ್ಲಿ ಸುಮಾರು 54 ಪರ್ಸೆಂಟ್, 2017-18ಕ್ಕೆ 44ಕ್ಕೆ ಇಳೀತು. ಕೋವಿಡ್ ಬರೋಕೆ ಮುಂಚೆನೇ. ಔಷಧಿ ಹೊಸದಾಗಿ ಕಂಡುಹಿಡಿಯೋದೇನೂ ಇರ್ಲಿಲ್ಲ, ಹಳೇ ಮಾತ್ರೆಗಳೇ, ಅಗ್ಗದವೇ. ಸಿಕ್ಕಿದ್ದು ಕೈಜಾರಿ ಹೋಯ್ತು.

ಮಂಜಿನೂರಿನ ನರ್ಸ್

ತುಂಗಾ ಅಕ್ಕ, ನಾನು ಮಡಿಕೇರಿಯವಳು, ಇಂಗ್ಲೆಂಡಿನ ಉತ್ತರದ ಕಡೆ ಒಂದು ಜಿಪಿ ಕ್ಲಿನಿಕ್‌ನಲ್ಲಿ ನರ್ಸ್. ಜಿಪಿ ಅಂದ್ರೆ ನಮ್ಮೂರಲ್ಲಿ ಹೇಳ್ತೀವಲ್ಲ ಫ್ಯಾಮಿಲಿ ಡಾಕ್ಟ್ರು, ಅದೇ. ನೀವು ಹೇಳಿದ ಅದೇ ಮಾತ್ರೆ ಇಲ್ಲಿ ಒಂದು ಸಲ ಬರೆಸಿಕೊಂಡ್ರೆ 9.90 ಪೌಂಡ್, ಅರವತ್ತು ದಾಟಿದ್ರೆ ಅದೂ ಇಲ್ಲ. ಡಯಾಬಿಟೀಸ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಿಗೆ ಒಂದು ಕಾರ್ಡ್ ಕೊಡ್ತಾರೆ, ಆ ಕಾರ್ಡ್ ಇದ್ರೆ ಶುಗರ್ ಮಾತ್ರೆ ಒಂದೇ ಅಲ್ಲ ಯಾವ ಔಷಧಿಗೂ ದುಡ್ಡಿಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಎಲ್ಲರಿಗೂ ಫ್ರೀ. ನಾನು ಇಷ್ಟು ವರ್ಷದಲ್ಲಿ ಮೂರರಲ್ಲಿ ಯಾವುದು ಬಿಡಲಿ ಅಂತ ದುಡ್ಡಿಗಾಗಿ ಕೇಳಿದ ಡಯಾಬಿಟೀಸ್ ಪೇಷಂಟ್ ನೋಡೇ ಇಲ್ಲ.

ಆದ್ರೆ ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ ಅನ್ಸುತ್ತೆ ನಂಗೆ. ಇಲ್ಲಿ ನಿಮ್ಮ ಹೆಸರು ಲಿಸ್ಟಲ್ಲಿ ಇರುತ್ತೆ. ನೀವು ಬರದಿದ್ರೆ ನಾವೇ ಮೆಸೇಜ್ ಹಾಕ್ತೀವಿ, ಫೋನ್ ಮಾಡ್ತೀವಿ, ಅದೂ ಎತ್ತದಿದ್ರೆ ಕಾಗದ ಹೋಗುತ್ತೆ ಮನೆಗೆ. ಡಯಾಬಿಟೀಸ್ ಇದ್ದೋರನ್ನ ವರ್ಷಕ್ಕೊಂದು ಸಲ ಕರೆಸಿ ಮೂರು ತಿಂಗಳ ಸರಾಸರಿ ಶುಗರ್, ಬಿಪಿ, ಕೊಲೆಸ್ಟ್ರಾಲ್, ಕಿಡ್ನಿಗೆ ರಕ್ತ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್, ತೂಕ, ಸಿಗರೇಟು ಸೇದ್ತಾರಾ ಇಲ್ವಾ, ಕೊನೆಗೆ ಪಾದ. ಕಣ್ಣಿಗೆ ಬೇರೆ ಕಡೆಯಿಂದ ಕರೆ ಬರುತ್ತೆ. 2004ರಿಂದ ಈ ಕೆಲಸಗಳನ್ನ ಎಷ್ಟರಮಟ್ಟಿಗೆ ಮಾಡಿದ್ವಿ ಅನ್ನೋದರ ಮೇಲೆ ಕ್ಲಿನಿಕ್‌ಗೆ ಸರ್ಕಾರದಿಂದ ದುಡ್ಡು ಬರುತ್ತೆ, ಹಾಗಾಗಿ ಯಾರೂ ಸುಮ್ನೆ ಕೂರಕ್ಕಾಗಲ್ಲ.

ಪಾದದ ಪರೀಕ್ಷೆ ಹೇಳ್ತೀನಿ ಕೇಳಿ, ನನಗೆ ಬಹಳ ಇಷ್ಟದ ಕೆಲಸ ಇದು. ಒಂದು ಸಣ್ಣ ಹಿಡಿಗೆ ಮೀನು ಹಿಡಿಯೋ ದಾರದಂಥ ನೈಲಾನ್ ಎಳೆ ಸಿಕ್ಕಿಸಿರುತ್ತೆ. ಪೇಷಂಟ್ ಕಣ್ಣು ಮುಚ್ಚಬೇಕು, ನಾನು ಹೆಬ್ಬೆರಳಿಗೆ, ಬೆರಳ ಬುಡಕ್ಕೆ ಆ ಎಳೆ ಒತ್ತುತೀನಿ, ಬಾಗೋ ತನಕ. ಮುಟ್ಟಿದ್ದು ಗೊತ್ತಾದ್ರೆ ಹೂಂ ಅನ್ನಬೇಕು. ಕಳೆದ ವಾರ ಒಬ್ರು ಗುಜರಾತಿ ಅಜ್ಜ ಬಂದಿದ್ರು, ನಾನು ಒತ್ತುತಾ ಇದೀನಿ, ಅವರು ಕಣ್ಣು ಮುಚ್ಕೊಂಡು ಯಾವಾಗ ಶುರು ಮಾಡ್ತೀಯಮ್ಮ ಅಂತ ಕೇಳಿದ್ರು. ಎಡಗಾಲಲ್ಲಿ ಏನೂ ಗೊತ್ತಾಗ್ತಾ ಇರ್ಲಿಲ್ಲ ಅವರಿಗೆ. ಅಂಥ ಕಾಲಿಗೆ ಮುಳ್ಳು ಚುಚ್ಚಿದ್ರೂ ತಿಳಿಯಲ್ಲ, ಹುಣ್ಣಾಗಿ, ಕೊಳೆತು, ಕಾಲು ತೆಗೆಯೋ ತನಕ ಹೋಗುತ್ತೆ. ಅವತ್ತೇ ಪಾದದ ಸ್ಪೆಷಲಿಸ್ಟ್‌ಗೆ ಬರೆದು ಕಳಿಸಿದ್ವಿ.

ಹಾಗಂತ ಇಲ್ಲೆಲ್ಲಾ ಚಿನ್ನ ಅಂತ ತಿಳ್ಕೋಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಆಸ್ಪತ್ರೆ ಚಿಕಿತ್ಸೆಗೆ ಕಾಯೋ ವೇಟಿಂಗ್ ಲಿಸ್ಟ್ 77 ಲಕ್ಷಕ್ಕೆ ಹೋಗಿತ್ತು. ಕ್ಯಾನ್ಸರ್ ಅನುಮಾನ ಅಂತ ಬರೆದುಕೊಟ್ಟ ಮೇಲೆ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಅಂತ ನಿಯಮ, ವರ್ಷಗಳಿಂದ ಆ ಗುರಿ ಮುಟ್ಟಿಲ್ಲ. ನಮ್ಮ ಕ್ಲಿನಿಕ್ಕಿಂದ ಕಳಿಸಿದ ಒಬ್ರು ಕಾದು ಕಾದು, ಹೊಟ್ಟೆ ಕ್ಯಾನ್ಸರ್, ಸ್ಕ್ಯಾನ್ ಆಗೋ ಹೊತ್ತಿಗೆ ಆಪರೇಷನ್ ಮಾಡೋ ಹಂತ ದಾಟಿತ್ತು. ಅವರ ಮಗಳು ನನ್ನ ಮುಂದೆ ಕೂತು ಅತ್ತಿದ್ದು ಮರೆಯಕ್ಕಾಗಲ್ಲ. ಮಾತ್ರೆ ಫ್ರೀ ಕೊಟ್ಟು ಸ್ಕ್ಯಾನ್‌ಗೆ ಕಾಯಿಸಿದ್ರೆ ಅದೂ ಒಂದು ತರದ ಬಾಗಿಲು ಮುಚ್ಚಿದ ಹಾಗೇ.

ಕಲಘಟಗಿಯವ

ನರ್ಸಕ್ಕ ಚೊಲೊ ಬರದೀರಿ. ನಾ ಜರ್ಮನಿ ಸ್ಟುಟ್‌ಗಾರ್ಟ್ ಹತ್ರ ಅದೀನ್ರಿ, ಏಳು ವರ್ಷ ಆತು. ಇಲ್ಲಿ ಸರ್ಕಾರಿ ಆಸ್ಪತ್ರೆ ಅಂತ ಎಲ್ಲಾರಿಗೂ ಒಂದ ಇಲ್ಲ, ಬಿಸ್ಮಾರ್ಕ್ ಕಾಲದಾಗ 1883ಕ್ಕ ಶುರುವಾದ ಇನ್ಶೂರೆನ್ಸ್ ಪದ್ಧತಿ. ಪಗಾರದಾಗ 14.6 ಪರ್ಸೆಂಟ್ ಅದಕ್ಕ ಹೋಗತದ, ಮ್ಯಾಲ ಇಷ್ಟು ಬ್ಯಾರೆ, ಅರ್ಧಾ ನಮ್ಮದು ಅರ್ಧಾ ಕಂಪನಿದು. ನೌಕ್ರಿ ಹೋದ್ರೂ ಇನ್ಶೂರೆನ್ಸ್ ಹೋಗಂಗಿಲ್ಲ, ಇದು ಭಾಳ ದೊಡ್ಡ ಮಾತು. ಆ ಗುಳಿಗಿಗೆ ಇಲ್ಲಿ ಪಾಕೀಟಿಗೆ ಹೆಚ್ಚಂದ್ರ 10 ಯೂರೋ. ವರ್ಷಪೂರ್ತಿ ಹಿಂಗ ಕೊಟ್ಟಿದ್ದೆಲ್ಲಾ ಕೂಡಿ ಮನೆತನದ ಆದಾಯದ 2 ಪರ್ಸೆಂಟ್ ದಾಟಿದ್ರ ಮುಂದ ಕೊಡೂದಿಲ್ಲ, ಕಾಯಂ ಬ್ಯಾನಿ ಇದ್ದವ್ರಿಗೆ 1 ಪರ್ಸೆಂಟ್ ಅಷ್ಟ. ಬ್ಯಾನಿ ಇದ್ದವನ ಮ್ಯಾಲ ಭಾರ ಕಮ್ಮಿ ಇರಲಿ ಅಂತ ಕಾಯ್ದೆದಾಗ ಬರದಾರ, ಅದನ್ನ ಮೊದಲನೇ ಸಲ ಓದಿದಾಗ ನನಗ ಖರೇನ ಕಣ್ಣಾಗ ನೀರು ಬಂತು, ನಮ್ಮವ್ವನ ಡಯಾಲಿಸಿಸ್ ಸಲುವಾಗಿ ಹೊಲ ಮಾರಿದ್ದು ನೆನಪಾಗಿ.

ಆದ್ರ ಮೇಷ್ಟ್ರ, ನಿಮ್ಮ ಅಂಕಿ ನೋಡಿ ನಂಗೊಂದು ಪ್ರಶ್ನೆ. ಇಷ್ಟೆಲ್ಲಾ ಇದ್ದೂ ಜರ್ಮನಿ ಯಾಕ 12? ಡಾಕ್ಟರು ಸಿಗತಾರ, ಗುಳಿಗಿ ಸಿಗತಾವ, ದವಾಖಾನಿ ಮಸ್ತ್ ಅದಾವ. ನನಗ ಕಾಣೂದು ಹೇಳತೀನಿ. ನಮ್ಮ ಓಣಿ ಮೂಲಿಗೆ ಗ್ವಾಡಿಗೆ ಜೋಡಿಸಿದ ಸಿಗರೇಟ್ ಮಶೀನ್ ಐತಿ, ಕಾರ್ಡ್ ತೋರಿಸಿ ಗುಂಡಿ ಒತ್ತಿದ್ರ ಪಾಕೀಟ ಬೀಳತದ, ಹಗಲು ರಾತ್ರಿ. ರಸ್ತೆ ಬದಿಗೆ ದೊಡ್ಡ ಬೋರ್ಡಿನ್ಯಾಗ ಸಿಗರೇಟ್ ಜಾಹೀರಾತು ಬಂದ್ ಮಾಡಾಕ ಸುರು ಮಾಡಿದ್ದ 2022ಕ್ಕ, ಯುರೋಪ್ ಒಕ್ಕೂಟದಾಗ ಎಲ್ಲಾರಕಿಂತ ಕೊನೀಗೆ. ಬಿಯರು, ಹಂದಿ ಮಾಂಸದ ಸಾಸೇಜು ದಿನಾ.

ಲೆಕ್ಕದ ಮೇಷ್ಟ್ರು

ಕಲಘಟಗಿ ಸರ್, ಉತ್ತರ ನಿಮ್ಮ ಓಣಿ ಮೂಲೆಯಲ್ಲೇ ಇದೆ. ಕಾಯಿಲೆ ಬಂದ ಮೇಲೆ ನೋಡ್ಕೊಳ್ಳೋದ್ರಲ್ಲಿ ಜರ್ಮನಿ ಗಟ್ಟಿ, ಬರದ ಹಾಗೆ ತಡೆಯೋದ್ರಲ್ಲಿ ಹಿಂದೆ. ಉಲ್ಟಾ ಉದಾಹರಣೆ ಫಿನ್ಲೆಂಡ್. ಅಲ್ಲಿನ ಉತ್ತರ ಕರೇಲಿಯ ಅನ್ನೋ ಪ್ರಾಂತ್ಯದಲ್ಲಿ 1960ರ ದಶಕದಲ್ಲಿ ಕಾಡು ಕಡಿಯೋ ಗಟ್ಟಿಮುಟ್ಟು ಗಂಡಸರು ನಲವತ್ತು ಐವತ್ತಕ್ಕೆ ಹಾರ್ಟ್ ಅಟ್ಯಾಕಿಂದ ಬೀಳ್ತಿದ್ರು. 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನೋ ಇನ್ನೂ ಮೂವತ್ತು ತುಂಬದ ಡಾಕ್ಟರ್ ಕೈಗೆ ಈ ಕೆಲಸ ಕೊಟ್ರು. ಅವರು ದೊಡ್ಡ ಹಾರ್ಟ್ ಆಸ್ಪತ್ರೆ ಕಟ್ಟಲಿಲ್ಲ. ಬೆಣ್ಣೆ ಕಮ್ಮಿ ಮಾಡಿ, ಉಪ್ಪು ಕಮ್ಮಿ ಮಾಡಿ, ಸಿಗರೇಟ್ ಬಿಡಿ ಅಂತ ಹಳ್ಳಿ ಹಳ್ಳಿ ಸುತ್ತಿದ್ರು, ಮಾರ್ಥಾ ಅನ್ನೋ ಹೆಂಗಸರ ಸಂಘ ಮನೆಮನೆಗೆ ಅಡುಗೆ ತೋರಿಸ್ತು, ಸಾಸೇಜ್ ಮಾಡೋರ ಹತ್ರ ಕೊಬ್ಬು ಕಮ್ಮಿ ಮಾಡಿಸಿದ್ರು, ಹೈನುಗಾರಿಕೆ ಮಾಡ್ತಿದ್ದ ರೈತರಿಗೆ ಬೆರ್ರಿ ಹಣ್ಣು ಬೆಳೆಯೋಕೆ ನೆರವಾದ್ರು. ನಲವತ್ತು ವರ್ಷದಲ್ಲಿ ದುಡಿಯೋ ವಯಸ್ಸಿನ ಗಂಡಸರ ಹೃದಯದ ಸಾವು 80 ಪರ್ಸೆಂಟ್‌ಗೂ ಜಾಸ್ತಿ ಇಳೀತು.

ಬ್ರಿಟನ್ನೂ ಇದೇ ದಾರಿಯಲ್ಲಿ ಒಂದೆರಡು ಹೆಜ್ಜೆ ಇಟ್ಟಿದೆ. 2003ರ ನಂತರ ಬ್ರೆಡ್, ಬಿಸ್ಕತ್ ಕಂಪನಿಗಳ ಹತ್ರ ಸ್ವಲ್ಪ ಸ್ವಲ್ಪವೇ ಉಪ್ಪು ಇಳಿಸಿದ್ರು, ಜನ ದಿನಕ್ಕೆ ತಿನ್ನೋ ಉಪ್ಪು ಸುಮಾರು 9.5 ಗ್ರಾಮಿಂದ 2011ರ ಹೊತ್ತಿಗೆ 8.1ಕ್ಕೆ ಬಂತು. ನಾಲಿಗೆಗೆ ಗೊತ್ತೇ ಆಗ್ಲಿಲ್ಲ ಯಾರಿಗೂ.

ಹೋಲಿಸುವಾಗ ಒಂದು ಎಚ್ಚರ. ಜಪಾನ್‌ನಲ್ಲಿ 65 ದಾಟಿದೋರು ನೂರಕ್ಕೆ 29 ಜನ, ಹಾಗಾಗಿ ವಯಸ್ಸನ್ನ ಸರಿದೂಗಿಸದೆ ಬರೀ ಸಾವಿನ ಸಂಖ್ಯೆ ಇಟ್ಟು ನೋಡಿದ್ರೆ ಜಪಾನ್ ಕೆಟ್ಟದಾಗಿ ಕಾಣುತ್ತೆ. ಇನ್ನೊಂದು, ಮರಣ ಪತ್ರದಲ್ಲಿ ಡಾಕ್ಟರ್ ಏನು ಬರೀತಾರೆ ಅನ್ನೋದೂ ದೇಶದಿಂದ ದೇಶಕ್ಕೆ ಬೇರೆ. ಜಪಾನ್‌ನಲ್ಲಿ ಮುಪ್ಪು ಅಂತಲೇ ಕಾರಣ ಬರೀತಾರೆ, 2018ರಿಂದ ಅದು ಮೂರನೇ ದೊಡ್ಡ ಕಾರಣ. ಅದೇ ಅಜ್ಜ ಬೇರೆ ದೇಶದಲ್ಲಿ ತೀರಿಕೊಂಡ್ರೆ ಹಾರ್ಟ್ ಫೇಲ್ಯೂರ್ ಅಂತ ಬರೆಯೋ ಸಾಧ್ಯತೆ ಜಾಸ್ತಿ. ಗೌಡ್ರು ಹೇಳಿದ ಐದು ವರ್ಷದ ಲೆಕ್ಕದಲ್ಲೂ ಇಂಥ ತೊಡಕಿದೆ, ಬೇಗ ಪತ್ತೆ ಹಚ್ಚಿದಷ್ಟೂ ಎಣಿಕೆ ಬೇಗ ಶುರುವಾಗುತ್ತೆ, ಸಾಯೋ ದಿನ ಅದೇ ಇದ್ರೂ ಐದು ವರ್ಷ ಬದುಕಿದ ಹಾಗೆ ಕಾಣುತ್ತೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಇದು ಬಹಳ. ಬ್ರೆಸ್ಟ್ ಕ್ಯಾನ್ಸರ್‌ನಲ್ಲಿ ಅಮೆರಿಕದ ಚಿಕಿತ್ಸೆ ನಿಜವಾಗ್ಲೂ ಒಳ್ಳೇದಿದೆ, ಅದನ್ನ ಒಪ್ಕೋತೀನಿ.

ನಗೋಯಾ ನಿವಾಸಿ

ಜಪಾನ್ ಮಾತು ಬಂತಲ್ಲ, ಹೇಳ್ತೀನಿ. ಜಪಾನಿನವರು ಹುಟ್ಟಿನಿಂದಲೇ ಆರೋಗ್ಯವಂತರು, ಮೀನು ತಿಂತಾರೆ ಅದಕ್ಕೇ ಅಂತ ಎಲ್ಲರೂ ಅಂದ್ಕೋತಾರೆ, ತಪ್ಪು. 1980ರ ತನಕ ಇಲ್ಲಿ ಸಾವಿಗೆ ನಂಬರ್ ಒನ್ ಕಾರಣ ಸ್ಟ್ರೋಕ್. ಚಳಿ ಊರುಗಳಲ್ಲಿ ಚಳಿಗಾಲ ಪೂರ್ತಿ ಉಪ್ಪಿನಲ್ಲಿ ಹಾಕಿದ ತರಕಾರಿ, ಮಿಸೋ ಅನ್ನೋ ಹುದುಗಿಸಿದ ಸೋಯಾ ಹಿಟ್ಟಿನ ಉಪ್ಪುಪ್ಪು ಸಾರು. ನಾಗಾನೋ ಅನ್ನೋ ಗುಡ್ಡಗಾಡು ಪ್ರಾಂತ್ಯದಲ್ಲಿ ಊರಿನ ಹೆಂಗಸರೇ ಸ್ವಯಂಸೇವಕಿಯರಾಗಿ ಉಪ್ಪು ಅಳೆಯೋ ಮೀಟರ್ ಹಿಡ್ಕೊಂಡು ಮನೆಮನೆ ಸಾರಿನ ಪಾತ್ರೆಗೆ ಅದ್ದಿ ನೋಡಿದ್ರಂತೆ. ಆಮೇಲೆ ಅದೇ ನಾಗಾನೋ ಗಂಡಸರ ಆಯಸ್ಸಿನಲ್ಲಿ ದೇಶಕ್ಕೇ ಮೊದಲು ಬಂತು.

1961ರಿಂದ ಇಲ್ಲಿ ಎಲ್ಲರಿಗೂ ಇನ್ಶೂರೆನ್ಸ್. ನಾವು 30 ಪರ್ಸೆಂಟ್ ಕೊಡಬೇಕು, ಆದ್ರೆ ತಿಂಗಳಿಗೆ ಆದಾಯ ನೋಡಿ ಒಂದು ಮಿತಿ ಇದೆ, ಅದರ ಮೇಲೆ ಹೋದ್ರೆ ವಾಪಸ್ ಬರುತ್ತೆ. ನಲವತ್ತು ತುಂಬಿದ ಮೇಲೆ ವರ್ಷಕ್ಕೊಮ್ಮೆ ಚೆಕಪ್, 2008ರಿಂದ ಸೊಂಟದ ಸುತ್ತಳತೆನೂ ತಗೋತಾರೆ. ಗಂಡಸರಿಗೆ 85 ಸೆಂಟಿಮೀಟರ್ ಗೆರೆ. ನನ್ನದು 91 ಬಂತು. ಬೈಯಲಿಲ್ಲ, ಒಬ್ರು ಹೆಲ್ತ್ ನರ್ಸ್ ಅರ್ಧ ಗಂಟೆ ಕೂರಿಸಿ ಏನು ತಿಂತೀರಿ ಎಷ್ಟೊತ್ತಿಗೆ ತಿಂತೀರಿ ಎಲ್ಲಾ ಬರ್ಕೊಂಡ್ರು, ಮೂರು ತಿಂಗಳಿಗೆ ಫೋನ್ ಮಾಡಿ ಕೇಳಿದ್ರು. ಆ ಫೋನ್ ಬರುತ್ತೆ ಅಂತಲೇ ರಾತ್ರಿ ಊಟ ಎಂಟಕ್ಕೆ ಮುಗಿಸೋದು ರೂಢಿ ಆಯ್ತು.

ಟೆಕ್ಸಾಸ್ ಗೌಡ್ರು

ಮೇಷ್ಟ್ರೆ, ನೀವು ಹೇಳಿದ ಅಳತೆ ಮೇಲೆ ನಾನು ತಿರುಗಿ ಓದಿದೆ. ಗನ್ನು ಡ್ರಗ್ಸು ತೆಗೆದ್ರೂ ನಾವು ಹಿಂದೆನೇ ಇದೀವಿ ಅಂತ ಒಪ್ಪಲೇಬೇಕು. ಆದ್ರೆ ಅಮೆರಿಕ ಅಂತ ಒಂದೇ ದೇಶ ಇಲ್ಲ ಇಲ್ಲಿ. ನಾನು ಸ್ಟೆಂಟ್ ನೋಡಿದ್ದು ಒಂದು ಅಮೆರಿಕ, ತುಂಗಾ ಮೇಡಂ ಕ್ಯೂನಲ್ಲಿ ನೋಡಿದ್ದು ಇನ್ನೊಂದು.

ಲೆಕ್ಕದ ಮೇಷ್ಟ್ರು

ಬಹಳ ಸರಿಯಾಗಿ ಹೇಳಿದ್ರಿ ಗೌಡ್ರೆ. ಅಮೆರಿಕದಲ್ಲಿ ಅತಿ ಶ್ರೀಮಂತ ಒಂದು ಪರ್ಸೆಂಟ್ ಗಂಡಸರಿಗೂ ಅತಿ ಬಡ ಒಂದು ಪರ್ಸೆಂಟ್‌ಗೂ ಆಯಸ್ಸಿನ ಅಂತರ 14.6 ವರ್ಷ ಅಂತ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ತಂಡ 2016ರಲ್ಲಿ ತೋರಿಸ್ತು. ಇನ್ನೂ ಒಂದು ಇದೆ. 1965ರಲ್ಲಿ ಬಂದ ಮೆಡಿಕೇರ್, ಅಂದ್ರೆ ವಯಸ್ಸಾದವರಿಗೆ ಸರ್ಕಾರ ಕೊಡೋ ಇನ್ಶೂರೆನ್ಸ್, ಸಾಮಾನ್ಯವಾಗಿ ಸಿಗೋದು 65 ತುಂಬಿದಾಗ. ಸ್ಟ್ಯಾನ್‌ಫೋರ್ಡ್ ಯೂನಿವರ್ಸಿಟಿಯವರು 2021ರಲ್ಲಿ ಲೆಕ್ಕ ನೋಡಿದಾಗ ಸರಿಯಾಗಿ 65ನೇ ವಯಸ್ಸಿಗೆ ಕ್ಯಾನ್ಸರ್ ಪತ್ತೆ ಆಗೋದು ದಿಢೀರ್ ಅಂತ ಏರುತ್ತೆ, ಶ್ವಾಸಕೋಶದ್ದು ಮುಖ್ಯವಾಗಿ. ಕ್ಯಾನ್ಸರ್‌ಗೇನು ಹುಟ್ಟುಹಬ್ಬ ಗೊತ್ತಾ? ಕೆಮ್ಮು ಅರವತ್ತಮೂರಕ್ಕೆ ಇತ್ತು, ಕಾರ್ಡ್ ಬಂದ ಮೇಲೆ ತೋರಿಸೋಣ ಅಂತ ಕಾದಿರ್ತಾರೆ.

ಹಳೇ ಆರೋಗ್ಯ ಸಹಾಯಕ

ಎಲ್ಲಾ ಓದಿದೆ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದು ರಿಟೈರ್ ಆದವನು. ನಮ್ಮಲ್ಲಿ ಬಿಪಿ ಮಾತ್ರೆ ಕೇಂದ್ರದಲ್ಲಿ ಫ್ರೀ ಕೊಡ್ತಾ ಇದ್ವಿ, ತಗೊಂಡು ಹೋದೋರು ಎರಡು ತಿಂಗಳು ನುಂಗಿ, ಮೈ ಹಗುರ ಆಯ್ತು ಅಂತ ನಿಲ್ಲಿಸೋರು. ನಾವೂ ಹುಡುಕಿಕೊಂಡು ಹೋಗ್ತಿರಲಿಲ್ಲ. ಮಲೇರಿಯಾಕ್ಕೆ ಹುಡುಕಿ ಹೋಗಿದ್ವಿ, ಕ್ಷಯಕ್ಕೆ ಹುಡುಕಿ ಹೋಗಿದ್ವಿ, ಮನೆ ಮುಂದೆ ನಿಂತು ಮಾತ್ರೆ ನುಂಗಿಸಿದೀವಿ, ಬಿಪಿಗೆ ಯಾಕೆ ಹೋಗ್ಲಿಲ್ಲ ಅಂತ ಈಗ ಕೂತು ಯೋಚಿಸ್ತೀನಿ. ನರ್ಸಮ್ಮ ಹೇಳಿದ ಆ ಲಿಸ್ಟು, ಬರದಿದ್ರೆ ಕಾಗದ ಹಾಕೋದು, ನಂಗೆ ಎಲ್ಲದಕ್ಕಿಂತ ಹಿಡಿಸಿದ್ದು ಅದೇ.

ನರ್ಸಮ್ಮ, ಒಂದು ಕೇಳ್ತೀನಿ. ನಮ್ಮ ಊರಲ್ಲಿ ಶುಗರ್ ಇರೋರು ಬರಿಗಾಲಲ್ಲಿ ಗದ್ದೆಗೆ ಇಳೀತಾರೆ. ಆ ನೈಲಾನ್ ಎಳೆ ಪರೀಕ್ಷೆ ಮನೇಲೇ ಮಾಡಕ್ಕಾಗುತ್ತಾ?

ಮಂಜಿನೂರಿನ ನರ್ಸ್

ಆ ಎಳೆ 10 ಗ್ರಾಂ ಒತ್ತಡಕ್ಕೆ ಬಾಗೋ ಹಾಗೆ ಅಳತೆ ಮಾಡಿರ್ತಾರೆ ಅಂಕಲ್, ಮೀನಿನ ದಾರ ಕತ್ತರಿಸಿ ಹಿಡಿದ್ರೆ ಆಗಲ್ಲ. ಎಳೆ ಇಲ್ಲದಿದ್ರೆ ಬೆರಳಲ್ಲೇ ಮಾಡಬಹುದು. ಅವರು ಕಣ್ಣು ಮುಚ್ಚಲಿ, ಬಲಗಾಲು ಎಡಗಾಲು ಎರಡರದ್ದೂ ಹೆಬ್ಬೆರಳು, ನಡು ಬೆರಳು, ಕಿರುಬೆರಳ ತುದಿನ ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಿ, ಒತ್ತಬೇಡಿ, ಕಚಗುಳಿ ಇಡಬೇಡಿ. ಯಾವ ಕಾಲು ಅಂತ ಹೇಳಕ್ಕೆ ಹೇಳಿ. ಆರರಲ್ಲಿ ಎರಡು ಅಥವಾ ಜಾಸ್ತಿ ಗೊತ್ತಾಗದೇ ಇದ್ರೆ ಡಾಕ್ಟರ್‌ಗೆ ತೋರಿಸ್ಲೇಬೇಕು. ಮತ್ತೆ ಸಂಜೆ ಗದ್ದೆಯಿಂದ ಬಂದ ಮೇಲೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲು ಕನ್ನಡಿಯಲ್ಲಿ ನೋಡ್ಕೊಳ್ಳಕ್ಕೆ ಹೇಳಿ.

ಹಳೇ ಆರೋಗ್ಯ ಸಹಾಯಕ

ಬರ್ಕೊಂಡೆ ತಾಯಿ. ಪಕ್ಕದ ಮನೆ ಅಣ್ಣಯ್ಯನಿಂದಲೇ ಶುರು ಮಾಡ್ತೀನಿ, ನಾಳೆ ಬೆಳಿಗ್ಗೆ ಗದ್ದೆಗೆ ಹೋಗೋಕೆ ಮುಂಚೆ.